ಯಾರೂ ಕರೆಯದ ಮೂರು ದಿನ

ನಮ್ಮ ಲಾಡ್ಜಿನ ಕೌಂಟರಿನ ಮೇಲೆ ಒಂದು ಹಿತ್ತಾಳೆಯ ಕರೆಗಂಟೆ ಇದೆ. ಅದನ್ನು ಬಾರಿಸುವ ಪ್ರಮೇಯ ಇದುವರೆಗೆ ಬಂದಿಲ್ಲ, ಏಕೆಂದರೆ ನಮ್ಮ ಯಜಮಾನರ ಗಂಟಲು ಅದಕ್ಕಿಂತ ಗಟ್ಟಿಮುಟ್ಟಾಗಿದೆ. ಕೆಳಗೆ ಕೂತು "ಇವಳೇ" ಎಂದು ಒಂದು ಕೂಗು ಹಾಕಿದರೆ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಬಗ್ಗಿಕೊಂಡು ಹಾಸಿಗೆ ಹಾಸುತ್ತಿರುವ ನನಗೂ ಕೇಳುತ್ತದೆ, ಎದುರಿನ ಟೈರ್ ಅಂಗಡಿಯವನಿಗೂ ಕೇಳುತ್ತದೆ. ಇವಳೇ, ಆರನೇ ನಂಬರ್ ಬೀಗದ ಕೈ ಎಲ್ಲಿ. ಇವಳೇ, ಈ ಪೆನ್ನು ಬರೀತಿಲ್ಲ. ಇವಳೇ, ಈ ಬಲ್ಬ್ ಯಾಕೆ ಹೀಗೆ ಮಾಡ್ತಿದೆ. ಬಲ್ಬು ಯಾಕೆ ಹಾಗೆ ಮಾಡುತ್ತದೆಂದು ನನಗೇನು ಗೊತ್ತು? ಆದರೂ ಇಳಿದು ಬರುತ್ತೇನೆ, ಅದರ ಮುಖ ನೋಡುತ್ತೇನೆ, ಮತ್ತೆ ಹತ್ತುತ್ತೇನೆ. ಮದುವೆಯಾಗಿ ಬಂದ ವಾರದಿಂದ ಇದೇ ನಡೆದಿದೆ.

ಕೆಟ್ಟ ಮನುಷ್ಯರೇನಲ್ಲ. ಕುಡಿಯುವುದಿಲ್ಲ, ಯಾವತ್ತೂ ಕೈ ಎತ್ತಿದವರಲ್ಲ, ಊಟಕ್ಕೆ ಉಪ್ಪು ಕಡಿಮೆಯಾದರೂ ಚಕಾರ ಎತ್ತುವುದಿಲ್ಲ. ಕರೆಯುವುದೊಂದೇ ಚಟ. ಕಣ್ಣೆದುರಿಗೆ ಇರುವುದನ್ನು ತಾವೇ ನೋಡುವುದಕ್ಕಿಂತ ನನ್ನನ್ನು ಕರೆದು ನೋಡಿಸುವುದು ಅವರಿಗೆ ಸಲೀಸು.

ಒಂದು ಮಧ್ಯಾಹ್ನ ಕೋಣೆಯೊಂದರಲ್ಲಿ ಬೆಡ್‌ಶೀಟ್ ಬದಲಾಯಿಸುತ್ತಿದ್ದೆ. ಬೆನ್ನು ಹಿಡಿದುಕೊಂಡಿತು. ಒಂದು ನಿಮಿಷ ಕೂತು ಏಳೋಣ ಎಂದು ಅರ್ಧ ಹಾಸಿದ ಹಾಸಿಗೆಯ ಮೇಲೆ ಕೂತವಳು ಅಲ್ಲೇ ನಿದ್ದೆಹೋದೆ. ಕೆಳಗೆ ಯಜಮಾನರು ಅದೇ ಕೋಣೆಯ ಬೀಗದ ಕೈಯನ್ನು ಒಬ್ಬ ಔಷಧಿ ಕಂಪನಿಯವನಿಗೆ ಕೊಟ್ಟು ಕಳಿಸಿದ್ದರು. ಪಾಪ, ಅವನು ಬಾಗಿಲು ತೆರೆದು ನೋಡಿ, ಸದ್ದಾಗದಂತೆ ಮುಚ್ಚಿ, ಕೆಳಗೆ ಹೋಗಿ, "ಸರ್, ಅಲ್ಲಿ ಆಗ್ಲೇ ಯಾರೋ ಇದ್ದಾರೆ" ಎಂದನಂತೆ. ಇಡೀ ಬಸ್ ಸ್ಟ್ಯಾಂಡಿಗೆ ಸುದ್ದಿಯಾಯಿತು. ಡಾಕ್ಟರ ಹತ್ತಿರ ಹೋದೆವು. "ನೋಡಿ, ಬೆನ್ನಿಗೆ ನೀವಾಗೇ ರಜೆ ಕೊಡಿ. ಇಲ್ಲಾಂದ್ರೆ ಅದೇ ತಗೊಳ್ಳುತ್ತೆ" ಎಂದರು ಡಾಕ್ಟರು.

ಬಿಟ್ಟರೆ ಸಿಗದು ಎಂದು ದಾರಿಯಲ್ಲೇ ಬೇಡಿಕೆ ಇಟ್ಟೆ.

"ಸಮುದ್ರ ಇರೋ ಊರಿಗೆ ಹೋಗೋಣ. ದೊಡ್ಡ ಹೋಟೆಲ್ ಬೇಡ, ನಮ್ಮಂಥದ್ದೇ ಸಾಕು. ಮೂರು ದಿನ. ಆ ಮೂರು ದಿನ ನೀವು ನನ್ನ ಒಂದು ಸಲನೂ ಕರೀಬಾರದು."

"ಕರೀಬಾರದು ಅಂದ್ರೆ?"

"ಇವಳೇ ಅನ್ನಬಾರದು. ಎಲ್ಲಿ ಅನ್ನಬಾರದು. ಬಾ ಇಲ್ಲಿ ಅನ್ನಬಾರದು."

"ಅಷ್ಟೇ ತಾನೆ? ಒಂದು ಸಲ ಕರೆದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ."

ಸಮುದ್ರದ ಹುಚ್ಚೇನೂ ನನಗಿರಲಿಲ್ಲ. ಬೇರೆ ಯಾರೋ ಹಾಸಿದ ಹಾಸಿಗೆಯಲ್ಲಿ ಮಲಗಬೇಕು, ಯಾರೂ ಕರೆಯಬಾರದು, ಎದ್ದಾಗ ಎದ್ದರಾಯಿತು. ನನ್ನ ಆಸೆ ಇಷ್ಟೇ. ಇಷ್ಟಕ್ಕೆ ಸಮುದ್ರದವರೆಗೆ ಹೋಗಬೇಕಾ ಎಂದರೆ, ಹೌದು, ಹೋಗಬೇಕು. ಯಜಮಾನರ ಕೂಗು ಎಲ್ಲಿಯವರೆಗೆ ಕೇಳುತ್ತದೆಂದು ನನಗೆ ಗೊತ್ತು.

ಹೋಟೆಲು ಹುಡುಕುವ ಕೆಲಸ ಅವರು ವಹಿಸಿಕೊಂಡರು. ಇಲ್ಲಿ ನಮ್ಮ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ಲಾಡ್ಜು ನಡೆಸುವವರಿಗೆ ಒಂದು ಭಾಷೆ ಇದೆ. ಗಾಳಿ ಬೆಳಕು ಧಾರಾಳ ಎಂದರೆ ಕಿಟಕಿ ಮುಚ್ಚುವುದಿಲ್ಲ. ಪ್ರಶಾಂತವಾದ ರೂಮು ಎಂದರೆ ಹಿಂದುಗಡೆಯ ಗೋಡೆಗೆ ಮುಖ ಮಾಡಿದ ರೂಮು. ಬಿಸಿನೀರು ದಿನವಿಡೀ ಎಂದರೆ ಕೇಳಿದಾಗ ಸ್ವಿಚ್ ಹಾಕುತ್ತೇವೆ, ಕರೆಂಟು ಇದ್ದರೆ. ಪ್ಲಂಬರ್ ದಾರಿಯಲ್ಲಿದ್ದಾನೆ ಎಂದರೆ ಪ್ಲಂಬರಿಗೆ ಇನ್ನೂ ಹೇಳಿಯೇ ಇಲ್ಲ. ಇದು ಸುಳ್ಳಲ್ಲ, ಉಪಚಾರ ಎಂದು ಯಜಮಾನರ ವಾದ. ಇರಬಹುದು. ಆದರೆ ಇಷ್ಟು ವರ್ಷ ಉಪಚಾರ ಮಾಡಿ ಮಾಡಿ ನಮಗಿಬ್ಬರಿಗೂ ಒಂದು ಕಾಯಿಲೆ ಅಂಟಿಕೊಂಡಿದೆ: ಯಾರಾದರೂ ನೇರವಾಗಿ ಮಾತಾಡಿದರೆ ದಿಗಿಲಾಗುತ್ತದೆ.

ಫೋನನ್ನು ಕೌಂಟರಿನ ಮೇಲಿಟ್ಟು, ನನಗೂ ಕೇಳುವ ಹಾಗೆ ಜೋರು ಮಾಡಿ, ಅವರು ಮೊದಲ ಹೋಟೆಲಿಗೆ ಮಾತಾಡಿದರು. ಆ ಕಡೆಯಿಂದ ಒಂದು ಒರಟು ಗಂಟಲು ಬಂತು.

"ರೂಮ್ ಹೇಗಿದೆ?"

"ಚಿಕ್ಕದು."

"ಸಮುದ್ರ ಕಾಣುತ್ತಾ?"

"ಇಲ್ಲ. ಎದುರಿಗೆ ಗೋಡೆ. ಸಮುದ್ರ ಬೇಕಿದ್ರೆ ನಡೆದು ಹೋಗ್ಬೇಕು."

"ಹಾಸಿಗೆ?"

"ಗಟ್ಟಿ."

"ಬಿಸಿನೀರು?"

"ಬೆಳಿಗ್ಗೆ ಮಾತ್ರ. ತಡವಾಗಿ ಎದ್ರೆ ಇಲ್ಲ."

"ಗಲಾಟೆ ಏನಾದ್ರೂ?"

"ಪಕ್ಕದಲ್ಲೇ ಐಸ್ ಕಾರ್ಖಾನೆ. ಬೆಳಗಿನ ಜಾವ ಲಾರಿ ಬರುತ್ತೆ, ಎಚ್ಚರ ಆಗುತ್ತೆ."

ಯಜಮಾನರು ಫೋನನ್ನು ಅಂಗೈಯಲ್ಲಿ ಮುಚ್ಚಿ ನನ್ನ ಮುಖ ನೋಡಿದರು. ಮುಖ ಬಿಳಚಿಕೊಂಡಿತ್ತು. "ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟರು.

"ಕೇಳಿಸ್ಕೊಂಡ್ಯಾ? ನಾವು ಒಂದು ಕೊರತೆ ಬಾಯಿ ಬಿಟ್ರೆ ಹತ್ತು ಮುಚ್ಚಿಟ್ಟಿರ್ತೀವಿ. ಇವನು ಐದು ಬಾಯಿ ಬಿಟ್ಟ. ಅಂದ್ರೆ ಒಳಗೆ ಐವತ್ತಿದೆ."

ನಗಬೇಡಿ. ನಾನೂ ತಲೆಯಾಡಿಸಿದೆ. ನನಗೂ ಹಾಗೇ ಅನ್ನಿಸಿತ್ತು. ಬಾಣಲೆಯಷ್ಟು ಜಿರಳೆ, ಸೋರುವ ಸೂರು, ಪೊಲೀಸು, ಏನೇನೋ ಕಣ್ಣ ಮುಂದೆ ಬಂತು. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡಿದ ಆ ಮನುಷ್ಯನಿಗೆ ಅವತ್ತೇ ನಾವು ಕಡ್ಡಿತುಂಡು ಎಂದು ಹೆಸರಿಟ್ಟೆವು.

ಮಾರನೇ ದಿನ ಅದೇ ಊರಿನ ಎರಡನೇ ಹೋಟೆಲು. ಆ ದನಿ ಕಿವಿಗೆ ಬೆಣ್ಣೆ ಹಚ್ಚಿತು.

"ಬನ್ನಿ ಸರ್, ನಿಮ್ಮದೇ ಮನೆ ಅಂದ್ಕೊಳ್ಳಿ. ಕಿಟಕಿ ತೆಗೆದ್ರೆ ಸಮುದ್ರ. ಗಾಳಿ ಬೆಳಕು ಧಾರಾಳ. ಬಿಸಿನೀರು ದಿನವಿಡೀ. ಮೇಡಂಗೆ ಒಂದು ಕಡ್ಡಿ ಎತ್ತಿಡೋ ಕೆಲಸ ಇರಲ್ಲ."

ಯಜಮಾನರ ಕಣ್ಣು ಅರಳಿತು. ಫೋನು ಇಟ್ಟ ಮೇಲೂ ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದರು. "ಕಸುಬು ಗೊತ್ತಿರೋನು ಇವನು" ಎಂದರು. "ಇವನ ಸುಳ್ಳು ನಮಗೆ ಪರಿಚಯ ಇರೋ ಸುಳ್ಳು. ಎಲ್ಲಿ ಎಷ್ಟು ಕಳೀಬೇಕು ಅಂತ ನಮಗೆ ಗೊತ್ತು. ಗೊತ್ತಿಲ್ಲದ ನಿಜಕ್ಕಿಂತ ಇದೇ ವಾಸಿ."

ಅದೂ ನನಗೆ ಸರಿ ಅನ್ನಿಸಿತು. ಇವನಿಗೆ ಬೆಣ್ಣೆ ಎಂದು ಹೆಸರಾಯಿತು, ಬೆಣ್ಣೆಯ ಹೋಟೆಲೇ ಗಟ್ಟಿಯಾಯಿತು. ಲಾಡ್ಜನ್ನು ಮಗಳು ಅಳಿಯಂದಿರಿಗೆ ಒಪ್ಪಿಸಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಯಜಮಾನರು ನನ್ನನ್ನು ಒಂದು ಸಲವೂ ಕರೆಯಲಿಲ್ಲ. ಪಕ್ಕದಲ್ಲೇ ಕೂತಿದ್ದೆನಲ್ಲ, ಕರೆಯುವ ಅಗತ್ಯ ಬೀಳಲಿಲ್ಲ. ನಾನು ಮಾತ್ರ ಅದನ್ನು ಶುಭ ಸೂಚನೆ ಎಂದುಕೊಂಡೆ.

ಬೆಣ್ಣೆ ಬಾಗಿಲಲ್ಲೇ ನಿಂತಿದ್ದ. ನಮ್ಮ ಕೈಯಿಂದ ಚೀಲಗಳನ್ನು ಕಿತ್ತುಕೊಂಡ, ನಾಲ್ಕು ಹೆಜ್ಜೆ ಹೊತ್ತ, ಮೆಟ್ಟಿಲ ಬುಡದಲ್ಲಿ ಇಳಿಸಿ ಸೊಂಟ ಹಿಡಿದುಕೊಂಡು ನಿಂತ. ಅಲ್ಲಿಂದ ಮೇಲಕ್ಕೆ ಯಜಮಾನರೇ ಹೊತ್ತರು. "ನಾವೂ ಹೀಗೇ ಮಾಡೋದು" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಸಿಟ್ಟಿಲ್ಲ, ಬೇಸರವಿಲ್ಲ, ತುಂಬು ಖುಷಿ.

ಕೋಣೆಯ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಕಿಟಕಿ ಇತ್ತು. ನಾನು ಚಪ್ಪಲಿ ಬಿಚ್ಚಿ, ಅಬ್ಬಾ ಎಂದು ಹಾಸಿಗೆಯ ಮೇಲೆ ಬೆನ್ನು ಚಾಚಿದೆನೋ ಇಲ್ಲವೋ, ಬಚ್ಚಲಿನಿಂದ ಬಂತು.

"ಇವಳೇ, ಬಾ ಇಲ್ಲಿ."

ಹೋದೆ. ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ನಿಂತು, ಗಾಳಿಕಿಂಡಿಯಲ್ಲಿ ತಲೆ ತೂರಿಸಿದ್ದರು. "ಕರ್ಚೀಫಿನಷ್ಟು ನೀಲಿ ಕಾಣ್ತಿದೆ ನೋಡು. ಸಮುದ್ರ ಕಾಣುತ್ತೆ ಅಂದಿದ್ದ, ಕಾಣ್ತಿದೆ. ಎಂಥ ಜಾಣ."

"ಕರೆದ್ರಿ ನೀವು" ಎಂದೆ.

"ಇದು ಕರೆದದ್ದಲ್ಲ. ತೋರಿಸಿದ್ದು."

ಮತ್ತೆ ಮಲಗಿದೆ. ಇವಳೇ, ಬೆಡ್‌ಶೀಟ್ ಒಗೆದಿಲ್ಲ, ಬರೀ ಮಗುಚಿ ಹಾಕಿದ್ದಾನೆ, ನೋಡು. ಇವಳೇ, ಈ ಫ್ಯಾನಿಗೆ ಎಲ್ಲ ನಂಬರಲ್ಲೂ ಒಂದೇ ಸ್ಪೀಡು, ಹೇಗೆ ಮಾಡಿದ್ದಾನೆ ಅಂತೀನಿ. ಪ್ರತಿ ಸಲ ನಾನು ಕಣ್ಣು ಕೆಂಪು ಮಾಡಿದಾಗಲೂ ಅವರ ಹತ್ತಿರ ಒಂದು ಉತ್ತರ ಸಿದ್ಧ. ಇದು ಕರೆದದ್ದಲ್ಲ, ಕೇಳಿದ್ದು. ಇದು ಕರೆದದ್ದಲ್ಲ, ತನ್ನಷ್ಟಕ್ಕೆ ಬಾಯಿಂದ ಬಂದದ್ದು. ಮದುವೆಯಾದಾಗಿನಿಂದ ನಾವು ಇಷ್ಟು ವಾದ ಮಾಡಿದ್ದು ನನಗೆ ನೆನಪಿಲ್ಲ. ಮೊದಲ ದಿನ ಹಾಗೇ ಹಾಳಾಯಿತು.

ಎರಡನೇ ದಿನದ ಹೊತ್ತಿಗೆ ಅವರೂ ಬೆಣ್ಣೆಯೂ ಕುಚಿಕು ಗೆಳೆಯರು. ಯಜಮಾನರು ಬೆಳಿಗ್ಗೆಯೇ ಕೆಳಗಿಳಿದು ಅವನ ಕೌಂಟರಿನ ಹಿಂದೆ ಕುರ್ಚಿ ಹಾಕಿಕೊಂಡರು. ಒಬ್ಬರು ಒಂದು ಉಪಾಯ ಹೇಳುವುದು, ಇನ್ನೊಬ್ಬರು ತೊಡೆ ತಟ್ಟಿ ನಗುವುದು. ಬೆಣ್ಣೆಯ ಹೆಂಡತಿ ಜಗಳ ಮಾಡಿಕೊಂಡು ತವರಿಗೆ ಹೋಗಿದ್ದಳಂತೆ. ಯಾಕೆ ಹೋದಳೋ, ಒಳ್ಳೇ ಮನುಷ್ಯ ಅವನು, ಅರ್ಥವೇ ಆಗ್ತಿಲ್ಲ ಎಂದು ಯಜಮಾನರು ಮೇಲೆ ಬಂದು ಹೇಳಿದರು. ನನಗೆ ಅರ್ಥವಾಯಿತು. ಅವರು ಕೆಳಗಿರುವಷ್ಟು ಹೊತ್ತು ನನಗೆ ನೆಮ್ಮದಿ, ಹೋಗಲಿ ಬಿಡು ಎಂದುಕೊಂಡೆ.

ಮಧ್ಯಾಹ್ನ ನಿಜವಾದ ನಿದ್ದೆ ಬಂತು. ಬೆನ್ನಿನ ಗಂಟು ಒಂದೊಂದೇ ಸಡಿಲಾಗುವುದು ನನಗೇ ಗೊತ್ತಾಗುತ್ತಿತ್ತು. ಎಷ್ಟು ಹೊತ್ತು ಮಲಗಿದ್ದೆನೋ, ಕೆಳಗಿನಿಂದ ಕೂಗು ಬಂತು. "ಇವಳೇ."

"ಬಂದೆ" ಎಂದೆ. ನಿದ್ದೆಗಣ್ಣಿನಲ್ಲೇ ಎದ್ದು, ಸೆರಗು ಸಿಕ್ಕಿಸಿಕೊಂಡು, ಕೂದಲು ಗಂಟು ಹಾಕಿಕೊಂಡು, ದಡದಡ ಇಳಿದು ಬಂದೆ. ಕೌಂಟರಿನ ಹತ್ತಿರ ಬಂದು ನಿಂತ ಮೇಲೆ ಗೊತ್ತಾಯಿತು, ಇದು ನಮ್ಮ ಲಾಡ್ಜಲ್ಲ.

"ಬಾ ಬಾ. ಇವರಿಗೆ ಬೆಡ್‌ಶೀಟಿನ ಮೂಲೆ ಮಡಚೋದು ಬರಲ್ಲ. ಈಗ ಗಿರಾಕಿ ಬರ್ತಾರಂತೆ. ಒಂದೇ ಒಂದು ಸಲ ತೋರಿಸಿಬಿಡು." ಆಮೇಲೆ ಬೆಣ್ಣೆಯ ಕಡೆ ತಿರುಗಿ, "ನಮ್ಮವಳು ಹಾಸಿದ್ರೆ ಒಂದು ಸುಕ್ಕು ಇರಲ್ಲ. ನೋಡ್ತಿರಿ" ಎಂದರು.

ಅವರ ಮುಖದಲ್ಲಿ ಎಂಥ ಹೆಮ್ಮೆ ಎನ್ನುತ್ತೀರಿ. ಕೂಸು ಮೊದಲ ಸಲ ಹೆಜ್ಜೆ ಇಡುವುದನ್ನು ನೆಂಟರಿಗೆ ತೋರಿಸುವವರ ಮುಖ ಹಾಗಿರುತ್ತದೆ. ಹೊಟ್ಟೆ ಉರಿದದ್ದು ಅದಕ್ಕೇ. ಗದರಿಸಿ ಕರೆದಿದ್ದರೆ ತಿರುಗಿ ಬೀಳಬಹುದಿತ್ತು. ಹೆಮ್ಮೆಯಿಂದ ಕರೆದರೆ ಏನು ಮಾಡುವುದು? ಹೋಗಿ ಹಾಸಿದೆ. ನಾಲ್ಕು ಮೂಲೆಯನ್ನೂ ಮಡಚಿದೆ. ಸುಕ್ಕಿರಲಿಲ್ಲ.

ಬೆಣ್ಣೆ ಚಪ್ಪಾಳೆ ತಟ್ಟಿದ. "ಕೈ ಅಂದ್ರೆ ಇದು ಮೇಡಂ. ಪಕ್ಕದಲ್ಲಿ ಇನ್ನೊಂದು ರೂಮಿದೆ, ಹಾಗೇ ಒಂದು ಸಲ..."

ನಾನು ಮೇಲೆ ಹೋಗಿ ನನ್ನ ಚೀಲ ತೆಗೆದುಕೊಂಡು ಇಳಿದು ಬಂದೆ.

"ಎಲ್ಲಿಗೆ?" ಎಂದರು ಯಜಮಾನರು.

"ಸಮುದ್ರ ನೋಡ್ಕೊಂಡು ಬರ್ತೀನಿ."

"ಚೀಲ ಯಾಕೆ?"

"ಅದೂ ನೋಡಿಲ್ಲ ಪಾಪ."

ಇಬ್ಬರೂ ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡರು.

ಸಮುದ್ರದ ಮುಂದೆ ಸ್ವಲ್ಪ ಹೊತ್ತು ನಿಂತೆ. ಒಳ್ಳೆಯ ಸಮುದ್ರವೇ. ಒಂದೇ ಸಮನೆ ಸದ್ದು ಮಾಡುತ್ತದೆ, ಆದರೆ ಯಾರನ್ನೂ ಉದ್ದೇಶಿಸಿ ಅಲ್ಲ. ಅದು ನನಗೆ ಹಿಡಿಸಿತು. ಆಮೇಲೆ ದಾರಿಯಲ್ಲಿದ್ದ ಅಂಗಡಿಯವರನ್ನು ಐಸ್ ಕಾರ್ಖಾನೆ ಎಲ್ಲಿ ಎಂದು ಕೇಳಿಕೊಂಡು ಹೋದೆ. ಕಡ್ಡಿತುಂಡು ಹೋಟೆಲಿನ ಹೆಸರು ಹೇಳಿದ್ದನೋ ಇಲ್ಲವೋ, ಪಕ್ಕದ ಗಲಾಟೆಯ ವಿಳಾಸ ಮಾತ್ರ ಸರಿಯಾಗಿ ಹೇಳಿದ್ದ.

ದಪ್ಪ ಮೀಸೆಯ ಮನುಷ್ಯ ಬಾಗಿಲಲ್ಲಿ ಕೂತು ಒಂದು ಸ್ಟೂಲಿನ ಕಾಲಿಗೆ ಮೊಳೆ ಹೊಡೆಯುತ್ತಿದ್ದ.

"ಒಬ್ಬಳಿಗೆ ರೂಮ್ ಬೇಕಿತ್ತು."

"ಇದೆ. ಚಿಕ್ಕದು. ಎದುರಿಗೆ ಗೋಡೆ. ಹಾಸಿಗೆ..."

"ಗಟ್ಟಿ. ಗೊತ್ತು. ಬೆಳಿಗ್ಗೆ ಲಾರಿ ಬರುತ್ತೆ, ಅದೂ ಗೊತ್ತು. ಫೋನಲ್ಲಿ ಹೇಳಿದ್ರಿ."

ಅವನು ಮೊಳೆ ಹೊಡೆಯುವುದನ್ನು ನಿಲ್ಲಿಸಿದ. "ಎಲ್ಲ ಗೊತ್ತಿದ್ದೂ ಬಂದೋರು ನೀವೇ ಮೊದಲು" ಎಂದ.

ಕೋಣೆಗೆ ಹೋದವಳು ಮೊದಲು ಬಾಗಿಲು ಹಾಕಿಕೊಂಡು ಆ ಐವತ್ತನ್ನು ಹುಡುಕಿದೆ. ಹಾಸಿಗೆ ಎತ್ತಿ ನೋಡಿದೆ. ಮಂಚದ ಕೆಳಗೆ ಬಗ್ಗಿದೆ. ನಲ್ಲಿ ತಿರುಗಿಸಿದೆ, ದಿಂಬು ಮೂಸಿದೆ, ಸೂರಿನ ಮೂಲೆ ಮೂಲೆ ನೋಡಿದೆ. ಏನೂ ಸಿಗಲಿಲ್ಲ. ಬೆಡ್‌ಶೀಟ್ ಒಗೆದದ್ದು. ಐದು ಕೊರತೆ ಹೇಳಿದ್ದ, ಐದೇ ಇತ್ತು. ಗಟ್ಟಿ ಹಾಸಿಗೆಯ ಮೇಲೆ ಕೂತವಳಿಗೆ ಇದ್ದಕ್ಕಿದ್ದಂತೆ ಅಳು ಬಂತು. ಯಾರೋ ಒಬ್ಬ ಹೇಳಿದ ಮಾತು ಹೇಳಿದ ಹಾಗೇ ಇದ್ದದ್ದಕ್ಕೆ ಅಳುವ ಹೆಂಗಸು ನಾನೊಬ್ಬಳೇ ಇರಬೇಕು.

ಕಣ್ಣೊರೆಸಿಕೊಂಡ ಮೇಲೆ ಬುದ್ಧಿ ಓಡಿತು. ಯಜಮಾನರು ಹುಡುಕಿಕೊಂಡು ಬಂದೇ ಬರುತ್ತಾರೆ. ಕೆಳಗೆ ಹೋದೆ.

"ನನ್ನ ಕೇಳ್ಕೊಂಡು ಒಬ್ರು ಬರ್ತಾರೆ. ಇಲ್ಲಿ ಯಾರೂ ಇಲ್ಲ ಅಂತ ಹೇಳಿ. ರೂಮೂ ಖಾಲಿ ಇಲ್ಲ ಅನ್ನಿ."

"ನಿಮ್ಮ ಪಕ್ಕದಲ್ಲೇ ಎರಡು ಖಾಲಿ ಇದೆಯಲ್ಲ."

"ಇದೆ ಅಂತ ನಂಗೂ ಗೊತ್ತು. ಇಲ್ಲ ಅನ್ನಿ. ಅಷ್ಟೇ."

"ಇರೋದನ್ನ ಇಲ್ಲ ಅನ್ನೋಕೆ ನಂಗೆ ಬರಲ್ಲಮ್ಮ." ಅವನು ನಿಜವಾಗಿಯೂ ನೊಂದುಕೊಂಡ. "ಹಾಗೆ ಅನ್ನೋಕೆ ಬಂದಿದ್ರೆ ಆ ಎರಡು ಖಾಲಿ ಇರ್ತಿತ್ತಾ?"

ನೋಡಿ ನನ್ನ ಗ್ರಹಚಾರ. ಕಣ್ಣು ಮಿಟುಕಿಸದೆ ಇಂಥ ಮಾತನ್ನು ದಿನಕ್ಕೆ ಹತ್ತು ಸಲ ಹೇಳಬಲ್ಲ ಗಂಡಸನ್ನು ಬಿಟ್ಟು ಬಂದಿದ್ದೆ. ಬೇಕಾದಾಗ ಒಂದು ಸುಳ್ಳು ಹುಟ್ಟದ ಮನೆಗೆ ಬಂದು ಸೇರಿಕೊಂಡಿದ್ದೆ. ಮೇಲೆ ಹೋಗಿ ಅಗುಳಿ ಹಾಕಿಕೊಂಡು ಮಲಗಿದೆ.

ಹೊತ್ತು ಮುಳುಗುವಾಗ ಬಂದರು. ಚೀಲ ಹಿಡಿದ ಹೆಂಗಸೊಬ್ಬಳು ಐಸ್ ಕಾರ್ಖಾನೆ ಕೇಳಿದಳೆಂದು ಅಂಗಡಿಯವರು ಹೇಳಿರಬೇಕು. ಕೆಳಗಿನ ಮಾತು ಸ್ಪಷ್ಟವಾಗಿ ಕೇಳಿಸಿತು.

"ನಮ್ಮ ಮನೆಯವರು ಇಲ್ಲಿಗೇನಾದ್ರೂ..."

"ಬಂದಿದ್ದಾರೆ. ಮೇಲೆ, ಕೊನೇ ರೂಮು. ಇಲ್ಲ ಅನ್ನಿ ಅಂದ್ರು, ಆಗಲ್ಲ ಅಂದೆ. ಅತ್ತಿದ್ದಾರೆ. ನಿಮ್ಮನ್ನ ನೋಡೋ ಮನಸ್ಸಿಲ್ಲ ಅವರಿಗೆ. ಹೋಗ್ತೀರಾದ್ರೆ ಹೋಗಿ. ಮೂರನೇ ಮೆಟ್ಟಿಲು ಅಲ್ಲಾಡುತ್ತೆ."

ಇಂಥ ಉಪಚಾರವನ್ನು ಯಜಮಾನರು ಹುಟ್ಟಿದಾಗಿನಿಂದ ಕಂಡಿರಲಾರರು. ಆಮೇಲೆ ಮೆಟ್ಟಿಲು ಅಲ್ಲಾಡಿದ ಸದ್ದು ಕೇಳಿಸಿತು, ಹೆಜ್ಜೆ ಹತ್ತಿರ ಬಂತು, ನನ್ನ ಬಾಗಿಲ ಹೊರಗೆ ನಿಂತಿತು.

ಈಗ ಕರೆಯುತ್ತಾರೆ. ಕರೆದರೆ ಏನೇನು ಹೇಳಬೇಕೆಂದು ಎಲ್ಲ ಜೋಡಿಸಿಟ್ಟುಕೊಂಡಿದ್ದೆ, ಮದುವೆಯಾದ ವಾರದಿಂದ ಹಿಡಿದು ಇವತ್ತಿನ ಬೆಡ್‌ಶೀಟಿನವರೆಗೆ. ಅವರು ಗಂಟಲು ಸರಿಮಾಡಿಕೊಂಡರು. ಕರೆಯಲಿಲ್ಲ. ಮತ್ತೊಮ್ಮೆ ಸರಿಮಾಡಿಕೊಂಡರು. ಆಗಲೂ ಕರೆಯಲಿಲ್ಲ. ಕರೆಯಲಿ ಎಂದು ಕಾಯುತ್ತಿದ್ದೇನೆ ಎಂಬುದು ಗೊತ್ತಾಗಿ ನನಗೆ ನನ್ನ ಮೇಲೆಯೇ ರೇಗಿತು. ಹೆಜ್ಜೆ ಕೆಳಗಿಳಿಯಿತು.

"ಅವರ ಪಕ್ಕದ ರೂಮ್ ಕೊಡಿ."

"ಗೋಡೆ ತೆಳು. ಆ ಕಡೆ ಉಸಿರಾಡಿದ್ರೆ ಈ ಕಡೆ ಕೇಳುತ್ತೆ."

"ಪರವಾಗಿಲ್ಲ. ಸದ್ದು ಮಾಡಲ್ಲ ನಾನು."

ಕಡ್ಡಿತುಂಡು ಗೋಡೆಯ ವಿಷಯದಲ್ಲೂ ಸರಿಯಾಗಿಯೇ ಹೇಳಿದ್ದ. ಪಕ್ಕದ ಬಾಗಿಲು ತೆರೆದದ್ದು, ಚೀಲ ಇಳಿಸಿದ್ದು, ಮಂಚ ಕಿರುಗುಟ್ಟಿದ್ದು, ಎಲ್ಲ ಇಲ್ಲೇ ನಡೆದ ಹಾಗಿತ್ತು. ಮುಖ ತೊಳೆದ ನೀರಿನ ಸದ್ದು. ಆಮೇಲೆ ಚೀಲ ತಡಕುವ ಸದ್ದು. ಟವೆಲ್ಲು. ಆ ಚೀಲ ತುಂಬಿದವಳು ನಾನು. ಟವೆಲ್ಲು ತಳದಲ್ಲಿದೆ, ಎಡಗಡೆಗೆ, ಸುರುಳಿ ಸುತ್ತಿ ಇಟ್ಟಿದ್ದೇನೆ.

ಒಂದೊಂದೇ ಬಟ್ಟೆ ಹೊರಗೆ ತೆಗೆದರು. ಮತ್ತೆ ಒಳಗೆ ತುರುಕಿದರು. ಮತ್ತೆ ತೆಗೆದರು. "ಇವ..." ಎಂದು ಅರ್ಧ ಮಾತು ಬಂತು, ಬಾಯಿ ಮುಚ್ಚಿಕೊಂಡರು. ಈ ಕಡೆ ನನ್ನ ಎರಡೂ ಕಾಲು ಆಗಲೇ ನೆಲದ ಮೇಲಿದ್ದವು. ತಳದಲ್ಲಿ ನೋಡಿ, ಎಡಕ್ಕೆ ಎಂಬುದು ನಾಲಿಗೆಯ ತುದಿಯಲ್ಲಿ ನಿಂತಿತ್ತು. ತುಟಿ ಕಚ್ಚಿ ಹಿಡಿದೆ. ಮುಖದಿಂದ ನೀರು ಸುರಿಸಿಕೊಂಡು ಅವರು ಹುಡುಕುತ್ತಲೇ ಇದ್ದರು.

"ಸಿಕ್ತು" ಎಂದರು, ತಮ್ಮಷ್ಟಕ್ಕೆ ತಾವೇ, ಮೆಲ್ಲಗೆ.

ಸಿಕ್ಕಿತು. ಒಂದು ಚೀಲ ಎರಡು ಸಲ ಮಗುಚುವಷ್ಟು ಹೊತ್ತು, ಅಷ್ಟೇ. ಹುಡುಕಿದರೆ ಅವರಿಗೂ ಸಿಗುತ್ತದೆ. ಇಷ್ಟು ವರ್ಷವೂ ಸಿಗುತ್ತಿತ್ತು.

ಕಾಲು ಮೇಲೆತ್ತಿಕೊಂಡು ಮಲಗಿದೆ. ನಾನು ಬೇಡಿದ್ದೆಲ್ಲ ನನಗೆ ಸಿಕ್ಕಿತ್ತು, ಬೇರೆ ಯಾರೋ ಹಾಸಿದ ಹಾಸಿಗೆ ಕೂಡ. ಬೆಳಗಾಗುವವರೆಗೆ ನನ್ನನ್ನು ಯಾರೂ ಕರೆಯಲಿಲ್ಲ. ಸಿಟ್ಟಿಗೆ ನಾನು ಒಂದು ರೆಪ್ಪೆಯನ್ನೂ ಮುಚ್ಚಲಿಲ್ಲ.